ಮನದ ಗಾಯವೂ ಮದ್ಯಪಾನವೂ

ಕುಡಿತದಿಂದ ಸಂಸಾರದಲ್ಲಿ ಕಲಹ ಹುಟ್ಟುವುದನ್ನು ಎಲ್ಲರೂ ಬಲ್ಲರು. ಕುಡಿತದ ಹಿಂದೆ ಬಾಲ್ಯದ ಗಾಯವೊಂದು ಅಡಗಿರಬಹುದೆಂಬುದನ್ನು ಬಲ್ಲವರು ವಿರಳ. ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ತೋರಿಸಿತು. ಬಾಲ್ಯದಲ್ಲಿ ಹೊಡೆತ, ನಿಂದೆ, ತಾಯಿಯ ಮೇಲಿನ ದೌರ್ಜನ್ಯ ಮುಂತಾದ ಹಲವು ಬಗೆಯ ಸಂಕಟಗಳನ್ನು ಕಂಡವರಲ್ಲಿ ಮದ್ಯದ ಚಟವು ಇತರರಿಗಿಂತ ಹಲವು ಪಟ್ಟು ಅಧಿಕವಾಗಿತ್ತು.

ಮದ್ಯವು ಹಳೆಯ ಭಯವನ್ನು ಕ್ಷಣಕಾಲ ಮರೆಸುತ್ತದೆ. ಜೊತೆಗೇ ಮನಸ್ಸಿನ ಸಂಯಮವನ್ನೂ ಕುಗ್ಗಿಸುತ್ತದೆ. ಆಗ ಸಣ್ಣ ಮಾತೂ ಅಪಮಾನವೆನಿಸಿ ಕೈ ಮೇಲೇಳುತ್ತದೆ. ಅದನ್ನು ನೋಡುವ ಮಗುವಿನ ಮನದಲ್ಲಿ ಅದೇ ಗಾಯ ಮತ್ತೆ ಮೂಡುತ್ತದೆ. ಆದರೂ ಬಾಲ್ಯದ ನೋವಾಗಲಿ ಅಮಲಾಗಲಿ ಪತ್ನಿಯನ್ನು ಹೊಡೆಯಲು ನೆಪವಾಗಕೂಡದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯು ಆಕೆಗೆ ರಕ್ಷಣೆ ನೀಡಿದೆ.

ಮದ್ಯದ ಚಟವು ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಬಹುಕಾಲ ನಿತ್ಯವೂ ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಭ್ರಮೆ ತಲೆದೋರಿ ಪ್ರಾಣಾಪಾಯವಾಗಬಹುದು. ಆದುದರಿಂದ ಗುಬ್ಬಿ, ಕುಣಿಗಲ್ ಕಡೆಯ ದಂಪತಿಗಳು ತಾಲ್ಲೂಕು ಆಸ್ಪತ್ರೆಯ ಇಲ್ಲವೆ ತುಮಕೂರಿನ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಂಡು, ಅವರ ಸಲಹೆಯಂತೆಯೇ ನಡೆಯತಕ್ಕದ್ದು. ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಹಿಂಸೆಗೊಳಗಾದ ಸ್ತ್ರೀಯರು 181ಕ್ಕೆ ಕರೆ ಮಾಡಬಹುದು. ವೈದ್ಯರೆದುರು ನೋವನ್ನು ಹೇಳಿಕೊಳ್ಳುವುದು ಅವಮಾನವಲ್ಲ. ತಂದೆಯು ಚಿಕಿತ್ಸೆ ಪಡೆದ ಮನೆಯಲ್ಲಿ ಮಕ್ಕಳು ನಿರ್ಭಯರಾಗಿ ಬೆಳೆಯುವರು.