ಮಾದರಿ ವಿಮಾನಕ್ಕೆ ಯಾವ ಎಂಜಿನು?

ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವ ಹವ್ಯಾಸದಲ್ಲಿ ಕೈಕೆಲಸವೂ ವಿಜ್ಞಾನವೂ ಕೂಡಿವೆ. ಇಂದು ಪುಟ್ಟ ವಿಮಾನಗಳಿಗೆ ಬ್ಯಾಟರಿಯ ಮೋಟಾರು ರೂಢಿಗೆ ಬಂದಿದ್ದರೂ, ಗುಡುಗುಟ್ಟುವ ಎಂಜಿನಿಗೆ ಆಸೆಪಡುವ ಬಾಲಕರು ಕಡಮೆಯಲ್ಲ. ಅಂಥ ಎಂಜಿನುಗಳಲ್ಲಿ ‘ಗ್ಯಾಸ್’ ಮತ್ತು ‘ಗ್ಲೋ’ ಎಂಬ ಎರಡು ಬಗೆಗಳು ಮುಖ್ಯವಾದವು. ಇವುಗಳ ಗುಣದೋಷಗಳನ್ನು ವಿದ್ಯಾರ್ಥಿಗಳ ಹಾಗೂ ಪೋಷಕರ ಮುಂದಿಡಬಯಸುತ್ತೇವೆ.

ಅಮೆರಿಕದವರು ಪೆಟ್ರೋಲನ್ನು ‘ಗ್ಯಾಸ್’ ಎನ್ನುವರು. ಅಡುಗೆಮನೆಯ ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ. ಈ ಎಂಜಿನಿನಲ್ಲಿ, ಮೋಟಾರ್ ಸೈಕಲ್ಲಿನಲ್ಲಿರುವಂತೆ, ಸ್ಪಾರ್ಕ್ ಪ್ಲಗ್ಗು ತಕ್ಕ ಕ್ಷಣದಲ್ಲಿ ಕಿಡಿ ಹಾರಿಸಿ ಪೆಟ್ರೋಲಿನ ಆವಿಯನ್ನು ಹೊತ್ತಿಸುತ್ತದೆ.

ಗ್ಲೋ ಎಂಜಿನಿನಲ್ಲಿ ಕಿಡಿಯೇ ಇಲ್ಲ. ಅದರ ಪ್ಲಗ್ಗಿನೊಳಗೆ ಪ್ಲಾಟಿನಮ್ ಬೆರೆತ ತಂತಿಯ ಸಣ್ಣ ಸುರುಳಿಯಿದೆ. ಮೊದಲು ಸುಮಾರು 1.5 ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸುತ್ತಾರೆ. ಎಂಜಿನು ಓಡತೊಡಗಿದ ಮೇಲೆ ಬ್ಯಾಟರಿಯನ್ನು ತೆಗೆದರೂ ತಂತಿ ಆರುವುದಿಲ್ಲ. ದಹನದ ಶಾಖ ಒಂದು ಕಾರಣ. ಪ್ಲಾಟಿನಮ್ಮಿನ ಸೋಂಕಿನಿಂದ ಮೆಥನಾಲ್ ಎಂಬ ಇಂಧನವು ತಂತಿಯ ಮೇಲೆಯೇ ಉರಿಯುವುದು ಮತ್ತೊಂದು ಕಾರಣ. ನಮ್ಮ ಮಕ್ಕಳು ರಸಾಯನಶಾಸ್ತ್ರದಲ್ಲಿ ಓದುವ ಕ್ರಿಯಾವರ್ಧಕದ ಕೆಲಸವೇ ಇದು. 1947ರಲ್ಲಿ ಅಮೆರಿಕದ ರೇ ಆರ್ಡನ್ ಇಂಥ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ, ಕಿಡಿಗೆಂದು ಕಾಯಿಲ್ಲು, ಬ್ಯಾಟರಿಗಳನ್ನು ಹೊತ್ತು ಹಾರುವ ಭಾರ ಸಣ್ಣ ವಿಮಾನಗಳಿಗೆ ತಪ್ಪಿತು.

ಆದುದರಿಂದ ಹಗುರವಾದ ಚಿಕ್ಕ ವಿಮಾನಕ್ಕೆ ಗ್ಲೋ ಒಪ್ಪುತ್ತದೆ. ಸುಮಾರು 20 ಘನ ಸೆಂಟಿಮೀಟರಿಗೆ ಮೇಲ್ಪಟ್ಟ ಎಂಜಿನು ಬೇಕಾಗುವ ದೊಡ್ಡ ವಿಮಾನಕ್ಕೆ ಸಾಮಾನ್ಯವಾಗಿ ಪೆಟ್ರೋಲೇ ಲೇಸು.

ಇನ್ನು ಖರ್ಚಿನ ಮಾತು. ಒಂದು ಕಿಲೋಗ್ರಾಮ್ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋಗ್ರಾಮ್ ಗಾಳಿ ಬೇಕು. ಮೆಥನಾಲಿಗೆ ಸುಮಾರು 6.4 ಸಾಕು. ಎಂದರೆ ಅಷ್ಟೇ ಗಾಳಿಗೆ ಮೆಥನಾಲು ಎರಡು ಪಟ್ಟಿಗೂ ಹೆಚ್ಚು ವ್ಯಯವಾಗುತ್ತದೆ. ಅದಕ್ಕೆ ಹರಳೆಣ್ಣೆಯನ್ನೋ ಬೇರೆ ಜಾರೆಣ್ಣೆಯನ್ನೋ, ಅನೇಕ ವೇಳೆ ಬೆಲೆಯುಳ್ಳ ನೈಟ್ರೋಮೀಥೇನನ್ನೂ ಬೆರೆಸಬೇಕು. ಹೀಗೆ ಕೊಳ್ಳುವಾಗ ಅಗ್ಗವಾದ ಗ್ಲೋ ಎಂಜಿನು ಹಾರಿಸುವಾಗ ದುಬಾರಿಯಾಗಬಹುದು; ಪೆಟ್ರೋಲ್ ಎಂಜಿನಿನ ಬೆಲೆ ಹೆಚ್ಚಾದರೂ ಅದರ ಇಂಧನ ಬಂಕಿನಲ್ಲಿಯೇ ದೊರೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಎಚ್ಚರಿಕೆ. ಮೆಥನಾಲು ನೀರಿನಂತೆ ತಿಳಿಯಾಗಿ ಕಂಡರೂ ಘೋರವಾದ ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಪೆಟ್ರೋಲಿನ ಆವಿಯಾದರೋ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಯಾವ ಇಂಧನವನ್ನೂ ಕುಡಿಯುವ ನೀರಿನ ಬಾಟಲಿಯಲ್ಲಿ ಇಡತಕ್ಕದ್ದಲ್ಲ. ಹೆಸರು ಬರೆದ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಟ್ಟು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಬೇಕು. ತಿರುಗುವ ರೆಕ್ಕೆಯ ಎದುರಿಗೂ ಪಕ್ಕಕ್ಕೂ ಯಾರೂ ನಿಲ್ಲಬಾರದು.

ವಿಮಾನದ ಗಾತ್ರವನ್ನು ನೋಡಿ ಎಂಜಿನನ್ನು ಆರಿಸಿರಿ. ಮನೆಯ ಆದಾಯವನ್ನು ನೋಡಿ ಇಂಧನದ ಲೆಕ್ಕ ಹಾಕಿರಿ. ಹಿರಿಯರೊಬ್ಬರು ಜೊತೆಗಿಲ್ಲದೆ ಎರಡನ್ನೂ ಚಾಲನೆ ಮಾಡದಿರಿ. ಇದು ನಾವು ವಿದ್ಯಾರ್ಥಿಗಳಿಗೆ ಹೇಳುವ ಹಿತವಚನ.