ಹಳೆಯ ಪಾರ್ಕಿನಲ್ಲಿ ಮೊದಲ ಗುಂಡಿ ಎಲ್ಲಿ ತೋಡಬೇಕು?

ಎರಡು ವರ್ಷದ ಹಿಂದೆ ನಮ್ಮ ಕನ್ನಡ ಕೂಟದ ಪಿಕ್‌ನಿಕ್‌ನಲ್ಲಿ ಕ್ರಿಕೆಟ್ ಆಡುವಾಗ ನನ್ನ ನಿಶ್ಚಿತಾರ್ಥದ ಉಂಗುರ ಬಿದ್ದುಹೋಯ್ತು. ಅಮೆರಿಕದ ಒಹಾಯೋ ರಾಜ್ಯದ ಒಂದು ಸಣ್ಣ ಊರು ನಮ್ಮದು, ನೂರು ವರ್ಷ ದಾಟಿದ ಪಾರ್ಕು. ಕತ್ತಲಾಗುವವರೆಗೂ ಇಪ್ಪತ್ತು ಜನ ಸಾಲಾಗಿ ಬಗ್ಗಿ ಹುಡುಕಿದೆವು, ಸಿಗಲಿಲ್ಲ. ಉಂಗುರ ಮಾವನವರು ಕೊಟ್ಟಿದ್ದು. ಅವರಿಗೆ ಇವತ್ತಿಗೂ ಹೇಳಿಲ್ಲ. (ಅತ್ತೆ ಮಾವ ಇಬ್ಬರೂ ಅಚ್ಚಿನ ಪತ್ರಿಕೆ ಮಾತ್ರ ಓದೋದು ಅನ್ನೋ ಧೈರ್ಯದ ಮೇಲೆ ಇಲ್ಲಿ ಬರೀತಿದ್ದೀನಿ.)

ಮಾರನೇ ವಾರವೇ 250 ಡಾಲರ್ ಕೊಟ್ಟು ಮೆಟಲ್ ಡಿಟೆಕ್ಟರ್ ತರಿಸಿದೆ. ಇಂಜಿನಿಯರ್ ಅಲ್ವಾ, ಯಂತ್ರ ಇದ್ದರೆ ಸಾಕು ಅಂದುಕೊಂಡೆ. ಆಗಸ್ಟ್ ತಿಂಗಳ ಸುಡುಬಿಸಿಲಲ್ಲಿ ಕೀಂಯ್ ಅಂದ ಕಡೆಯೆಲ್ಲಾ ತೋಡಿದೆ. ಸುಮಾರು ಮೂವತ್ತು ಗುಂಡಿ, ಸಿಕ್ಕಿದ್ದು ಬಾಟಲಿ ಮುಚ್ಚಳ ಮತ್ತು ಮೊಳೆ. ಮುಂದಿನ ಭಾನುವಾರ ಹೋದರೆ ಪಾರ್ಕಿನ ಮಾಲಿ ನನಗಾಗಿಯೇ ಕಾದಿದ್ದಂತಿತ್ತು. ಬೈಯಲಿಲ್ಲ. ಸುಮ್ಮನೆ ಕರೆದುಕೊಂಡು ಹೋಗಿ ಹುಲ್ಲುಹಾಸಿನ ಮೇಲೆ ಒಣಗಿ ಹಳದಿಯಾಗಿದ್ದ ವೃತ್ತಗಳನ್ನು ಒಂದೊಂದಾಗಿ ತೋರಿಸಿದ. ಕೊನೆಗೆ ಒಂದೇ ಪ್ರಶ್ನೆ: "ಪರ್ಮಿಶನ್ ತಗೊಂಡಿದ್ದೀಯಾ?" ತಗೊಂಡಿರಲಿಲ್ಲ. ಅಷ್ಟು ನಾಚಿಕೆ ನನಗೆ ಆಫೀಸಿನಲ್ಲಿ ಪ್ರೊಡಕ್ಷನ್ ಸರ್ವರ್ ಬೀಳಿಸಿದಾಗಲೂ ಆಗಿರಲಿಲ್ಲ.

ಹಾಗಾಗಿ ಎಲ್ಲಿಂದ ಶುರುಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತೋರಿಸೋದು ಊರಿನ ಪಾರ್ಕ್ ಕಚೇರಿಯನ್ನ. ಇಲ್ಲಿ ಪ್ರತಿ ಊರಿನ ನಿಯಮವೂ ಬೇರೆ. ಕೆಲವು ಕಡೆ ಪರವಾನಗಿ ಬೇಕು, ಕೆಲವು ಕಡೆ ಪೂರ್ತಿ ನಿಷೇಧ. ರಾಷ್ಟ್ರೀಯ ಉದ್ಯಾನಗಳ ಒಳಗಂತೂ ಡಿಟೆಕ್ಟರ್ ಕೈಯಲ್ಲಿ ಹಿಡಿದು ತಿರುಗಿದರೂ ಅಪರಾಧ. ಕೇಂದ್ರ ಸರ್ಕಾರದ ಜಮೀನಿನಲ್ಲಿ ನೂರು ವರ್ಷಕ್ಕಿಂತ ಹಳೆಯ ಪುರಾತನ ವಸ್ತುಗಳನ್ನು ಅಗೆದು ತೆಗೆಯುವುದನ್ನು 1979ರ ಕಾನೂನು ತಡೆಯುತ್ತೆ. ನನಗೆ ನಮ್ಮ ಊರಿನವರು ಎರಡೇ ಸಾಲಿನ ಪತ್ರ ಕೊಟ್ಟರು: ಬೇಸ್‌ಬಾಲ್ ಮೈದಾನದಲ್ಲಿ ಬೇಡ, ತೋಡಿದ್ದನ್ನೆಲ್ಲ ಮುಚ್ಚಬೇಕು. ಆ ಪತ್ರ ಈಗಲೂ ಬ್ಯಾಗಿನಲ್ಲೇ ಇರುತ್ತೆ.

ಪತ್ರ ಸಿಕ್ಕ ಮೇಲೆ ಎರಡು ವಾರ ಯಂತ್ರ ಮುಟ್ಟಲೇ ಇಲ್ಲ, ನಕ್ಷೆ ನೋಡಿದೆ. ನಿಜ ಹೇಳಬೇಕೆಂದರೆ ಈ ಹವ್ಯಾಸದಲ್ಲಿ ನನಗೆ ಅತೀ ಇಷ್ಟವಾದ ಭಾಗ ಇದೇ. ಸ್ಯಾನ್‌ಬಾರ್ನ್ ಅನ್ನೋ ಕಂಪನಿ ಬೆಂಕಿ ವಿಮೆಗಾಗಿ ಅಮೆರಿಕದ ಸಾವಿರಾರು ಊರುಗಳ ಕಟ್ಟಡಗಳನ್ನ ಒಂದೊಂದಾಗಿ ನಕ್ಷೆಯಲ್ಲಿ ಗುರುತಿಸಿತ್ತು. ಅವುಗಳಲ್ಲಿ ಬಹಳಷ್ಟನ್ನು ಲೈಬ್ರರಿ ಆಫ್ ಕಾಂಗ್ರೆಸ್ ಬಿಟ್ಟಿಯಾಗಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಅದರ ಜೊತೆಗೆ 1930ರ ದಶಕದಿಂದ ವಿಮಾನದಿಂದ ತೆಗೆದ ಫೋಟೋಗಳಿವೆ. ಹಳೆಯದನ್ನೂ ಇವತ್ತಿನ ಉಪಗ್ರಹ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಈಗ ಬರೀ ಹುಲ್ಲಿರುವ ಜಾಗದಲ್ಲಿ ಒಂದು ಬ್ಯಾಂಡ್‌ಸ್ಟ್ಯಾಂಡ್, ಒಂದು ಕಾಲುದಾರಿ, ಒಂದು ಟ್ರಾಮ್ ನಿಲ್ದಾಣ ಎದ್ದು ಕಾಣಿಸುತ್ತೆ. ಆಗಿನ ಟ್ರಾಮ್ ಕಂಪನಿಗಳು ರಜೆ ದಿನ ಜನ ಹತ್ತಲಿ ಅಂತಲೇ ಎಷ್ಟೋ ಊರುಗಳಲ್ಲಿ ಹಳಿಯ ಕೊನೆಯಲ್ಲಿ ಪಾರ್ಕು ಕಟ್ಟಿದ್ದವಂತೆ. ಜನ ಎಲ್ಲಿ ಜೇಬಿಗೆ ಕೈ ಹಾಕಿದರೋ ಅಲ್ಲಿ ಕಾಸು ಬಿದ್ದಿರುತ್ತೆ. ಟಿಕೆಟ್ ಕೊಂಡ ಜಾಗ, ಐಸ್‌ಕ್ರೀಮ್ ಮಾರಿದ ಜಾಗ. ಕೂತ ಕಡೆ, ಮಲಗಿದ ಕಡೆ ಜೇಬು ತಾನಾಗಿಯೇ ಸುರಿಯುತ್ತೆ, ಹಾಗಾಗಿ ದೊಡ್ಡ ಮರಗಳ ನೆರಳನ್ನು ಬಿಡಬೇಡಿ. ಬ್ಯಾಂಡ್‌ಸ್ಟ್ಯಾಂಡ್ ಎದುರಿನ ಇಳಿಜಾರು, ಮಕ್ಕಳು ಹಿಮದಲ್ಲಿ ಜಾರುವ ದಿಬ್ಬದ ಬುಡ ಕೂಡ ಒಳ್ಳೆಯ ಜಾಗಗಳು. ಮಣ್ಣು ತಂದು ಸುರಿದು ಸಮತಟ್ಟು ಮಾಡಿದ ಹೊಸ ಮೈದಾನ, ಹೊಸ ಆಟಿಕೆ ಜಾಗ ಬೇಡ. ಹಳೆಯ ನೆಲ ಅಲ್ಲಿ ಯಂತ್ರಕ್ಕೆ ಎಟುಕದಷ್ಟು ಕೆಳಗೆ ಹೋಗಿರುತ್ತೆ.

ಆ ಟ್ರಾಮ್ ನಿಲ್ದಾಣದ ಜಾಗದಲ್ಲಿ, ಸುಮಾರು ಆರು ಇಂಚು ಕೆಳಗೆ, ನನಗೆ 1919ರ ಒಂದು ಡೈಮ್ ಸಿಕ್ಕಿತು. ಹತ್ತು ಸೆಂಟಿನ ಪುಟ್ಟ ಬೆಳ್ಳಿ ನಾಣ್ಯ, ರೆಕ್ಕೆಯ ಟೋಪಿ ಹಾಕಿದ ಮುಖ. ಇಲ್ಲಿ 1964ರವರೆಗಿನ ಡೈಮ್‌ಗಳಲ್ಲಿ ಶೇ. 90 ಬೆಳ್ಳಿ, ತೂಕ ಎರಡೂವರೆ ಗ್ರಾಂ. ಬೆಲೆ ನನ್ನ ಆ ದಿನದ ಪೆಟ್ರೋಲಿಗೂ ಸಾಲದು. ಆದರೆ ನೂರು ವರ್ಷದ ಹಿಂದೆ ಯಾರೋ ಒಬ್ಬರು ಟ್ರಾಮ್ ಬಂತು ಅಂತ ಅವಸರದಲ್ಲಿ ಬೀಳಿಸಿಕೊಂಡು, ಆಮೇಲೆ ಸೀಟಿನಲ್ಲಿ ಕೂತು ಜೇಬು ತಡಕಿರಬೇಕು. ನಾನೂ ತಡಕಿದವನೇ.

ಬೆಳ್ಳಿ ಸುಲಭ, ಚಿನ್ನ ಕಷ್ಟ. ಯಂತ್ರ ಕಳಿಸುವ ಅಲೆಗೆ ನೆಲದೊಳಗಿನ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತೆ. ಅದು ಎಷ್ಟು ತಡವಾಗಿ, ಹೇಗೆ ಉತ್ತರ ಕೊಡುತ್ತೆ ಅನ್ನೋದನ್ನ ನೋಡಿ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತೆ. ಬೆಳ್ಳಿ, ತಾಮ್ರಕ್ಕೆ ದೊಡ್ಡ ಸಂಖ್ಯೆ, ಖಚಿತ ದನಿ. ಉಂಗುರದಷ್ಟು ಚಿನ್ನ ಮಾತ್ರ ನಡುವೆ ಎಲ್ಲೋ ಬರುತ್ತೆ. 1960, 70ರ ದಶಕಗಳಲ್ಲಿ ಪಾನೀಯದ ಡಬ್ಬಿಯಿಂದ ಕಿತ್ತು ಎಸೆಯುತ್ತಿದ್ದ ಅಲ್ಯೂಮಿನಿಯಂ ಬಳೆಗಳೂ ಸರಿಯಾಗಿ ಅಲ್ಲೇ ಬರುತ್ತವೆ. ಯೂಟ್ಯೂಬ್ ನೋಡಿ ಬಹಳ ಜನ ಆ ಸಂಖ್ಯೆಗಳನ್ನೇ ಬ್ಲಾಕ್ ಮಾಡಿಬಿಡ್ತಾರೆ. ಕಸ ಹೋಗುತ್ತೆ ನಿಜ, ಉಂಗುರವೂ ಹೋಗುತ್ತೆ. ನಾನು ಬ್ಲಾಕ್ ಮಾಡೋ ಹಾಗಿಲ್ಲ. ನಮ್ಮ ಅಡುಗೆಮನೆಯಲ್ಲಿ ಹಾರ್ಲಿಕ್ಸ್ ಬಾಟಲಿ ತುಂಬ ಅಂಥ ಅಲ್ಯೂಮಿನಿಯಂ ಬಳೆಗಳಿವೆ.

ಅಗೆಯೋದನ್ನ ಕಲಿಸಿದ್ದು ಅದೇ ಮಾಲಿ. ವೃತ್ತ ಕತ್ತರಿಸಬೇಡ, ಕುದುರೆ ಲಾಳದ ಆಕಾರದಲ್ಲಿ ಕತ್ತರಿಸಿ ಒಂದು ಬದಿ ಬೇರು ಹಾಗೇ ಬಿಡು, ಹುಲ್ಲಿನ ತುಂಡನ್ನು ಬಾಗಿಲ ಹಾಗೆ ಮಗುಚು ಅಂದ. ಮಣ್ಣನ್ನು ಟವೆಲ್ ಮೇಲೆ ಹಾಕಿಕೊಂಡು ವಾಪಸ್ ಅದೇ ಗುಂಡಿಗೆ ಸುರಿದು, ಬಾಗಿಲು ಮುಚ್ಚಿ, ಬೂಟಿನಿಂದ ಒತ್ತಬೇಕು. ಮಳೆ ಬಂದ ಮಾರನೇ ದಿನ ಉತ್ತಮ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಿದ್ದರೆ ಮನೆಯಲ್ಲೇ ಇರಿ. ನೀರಿನ ಪೈಪು, ಕರೆಂಟಿನ ತಂತಿ ಎಲ್ಲಿ ಹೋಗಿದೆ ಅಂತ ಮೊದಲೇ ಕೇಳಿ.

ಬೆಂಗಳೂರಿನ ಗೆಳೆಯರಿಗೆ ಈ ಕಥೆ ಹೇಳಿದಾಗಲೆಲ್ಲ "ಕಬ್ಬನ್ ಪಾರ್ಕಿನಲ್ಲೂ ಮಾಡ್ಬೋದಲ್ವಾ ಮಗಾ?" ಅಂತ ಕೇಳ್ತಾರೆ. ಬೇಡ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು, ಅಲ್ಲಿ ಅಗೆಯೋದು ನಮ್ಮ ಹಕ್ಕಲ್ಲ. ನಮ್ಮ ದೇಶದಲ್ಲಿ 1878ರಿಂದಲೇ ನಿಧಿ ಕಾಯ್ದೆ ಇದೆ. ಹುದುಗಿಟ್ಟ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಹಂಪಿಯಂಥ ಸಂರಕ್ಷಿತ ಜಾಗಗಳ ಮಾತಂತೂ ಎತ್ತಲೇಬೇಡಿ. ಆದರೆ ನಕ್ಷೆಯ ಆಟಕ್ಕೆ ಯಂತ್ರ ಬೇಕಿಲ್ಲ. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಮುಂದೆ ನಿಂತು ಜನ ಎಲ್ಲಿ ಕೂತಿರಬಹುದು ಅಂತ ಊಹಿಸಿ ನೋಡಿ, ಅರ್ಧ ಹವ್ಯಾಸ ಅದೇ.

ಮೊನ್ನೆ ಪಿಕ್‌ನಿಕ್ಕಿನ ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ ನೋಡ್ತಿದ್ದೆ. ಇಷ್ಟು ದಿನ ನಾನು ಹುಡುಕಿದ್ದು ಬೌಲಿಂಗ್ ಮಾಡಿದ ಕಡೆ. ಒಂದು ಫೋಟೋದಲ್ಲಿ ಐಸ್ ತುಂಬಿದ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿ ಜ್ಯೂಸ್ ಹುಡುಕ್ತಿದ್ದೀನಿ. ತಣ್ಣಗಾದರೆ ಬೆರಳು ಸಣ್ಣಗಾಗುತ್ತೆ, ಉಂಗುರ ಸಡಿಲ. ಆ ಡಬ್ಬದ ಐಸು ನೀರನ್ನು ಸಂಜೆ ಓಕ್ ಮರದ ಹಿಂದಿನ ಇಳಿಜಾರಿಗೆ ಸುರಿದವನೂ ನಾನೇ. ಅಲ್ಲಿ ಒಂದು ಸಲವೂ ಯಂತ್ರ ಆಡಿಸಿಲ್ಲ. ಹೆಂಡತಿ ಪ್ರತಿ ಭಾನುವಾರ ಬಾಗಿಲು ತೆಗೆಯುತ್ತಾ "ಸಿಕ್ತಾ?" ಅಂತಾಳೆ. ಶನಿವಾರ ಮಳೆ ಅಂತ ಹೇಳಿದ್ದಾರೆ, ಭಾನುವಾರ ಹೊರಡ್ತೀನಿ.