ಮಾಗಿದ ಮಾಗಳಿ

ನಾಲಿಗೆಯ ಸರದಿ ಬರುವ ಮೊದಲೇ ಮೂಗು ಸೋತುಹೋಗಿತ್ತು. ಮೇಲುಕೋಟೆಯ ಕಲ್ಯಾಣಿಯಿಂದ ನಾಲ್ಕು ಹೆಜ್ಜೆ ದೂರದ ಹಳೆಯ ಮನೆ. ಅಡುಗೆಮನೆಯ ಕತ್ತಲ ಮೂಲೆಯಲ್ಲಿ, ಮಣೆಯ ಮೇಲೆ, ಕಂದು ಕುತ್ತಿಗೆಯ ಪಿಂಗಾಣಿ ಜಾಡಿ. ಗೆಳತಿಯ ಅಜ್ಜಿ ಅದರ ಬಾಯಿಗೆ ಬಿಗಿದಿದ್ದ ಬಿಳಿ ಬಟ್ಟೆಯ ದಾರ ಬಿಚ್ಚಿದರು, ಅಷ್ಟೇ. ಘಮ ಎದ್ದು ಬಂತು! ವೆನಿಲ್ಲಾದಂತೆ ಸಿಹಿ, ಹಸಿ ಬೇರಿನ ಗಾಟು, ಅದರ ಹಿಂದೆಯೇ ಹುಳಿ ಮಜ್ಜಿಗೆ. ಮೂರೂ ಒಂದೇ ಉಸಿರಿನಲ್ಲಿ.

“ಹೋದ ವರ್ಷದ ಮಾಗಳಿ ಬೇರಿನ ಉಪ್ಪಿನಕಾಯಿ ಕಣಮ್ಮ. ಈಗ ಹದಕ್ಕೆ ಬಂದಿದೆ” ಅಂದರು ಅಜ್ಜಿ. ನಾನು ಕೈ ಚಾಚಿದೆ. “ಒದ್ದೆ ಕೈ ಹಾಕಬೇಡ! ಆ ಮರದ ಸೌಟು ಕೊಡು.”

ಮೇಲುಕೋಟೆಯ ಹುಳಿ ಅಂದರೆ ಪುಳಿಯೋಗರೆ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಚೆಲುವನಾರಾಯಣನ ದರ್ಶನ, ಯೋಗನರಸಿಂಹನ ಬೆಟ್ಟ, ಇಳಿದು ಬಂದು ಎಲೆಯಲ್ಲಿ ಪುಳಿಯೋಗರೆ, ಮತ್ತೆ ಬಸ್ಸು. ಈ ಊರಿನ ಅಯ್ಯಂಗಾರ್ ಮನೆಗಳ ಒಳಗೆ ಇನ್ನೊಂದು ಹುಳಿ ತಿಂಗಳುಗಟ್ಟಲೆ ಮೌನವಾಗಿ ಮಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮೊಸರನ್ನದ ಅಂಚಿಗೆ ಎರಡು ಹೋಳು ಬಿತ್ತು. ಬೆರಳಿನ ಗೆಣ್ಣಿನಷ್ಟು ಉದ್ದ, ಮಜ್ಜಿಗೆ ಹೀರಿ ಹಳದಿಗೆ ತಿರುಗಿದ ಬೇರು. ಕಚ್ಚಿದೆ. ಮೊದಲು ಉಪ್ಪು, ಹಿಂದೆಯೇ ಹುಳಿ. ಕಣ್ಣು ತಾನಾಗಿ ಮುಚ್ಚಿಕೊಳ್ಳುವಂಥ ಹುಳಿ, ಆದರೆ ನಿಂಬೆಯ ಚುರುಕಲ್ಲ, ಹುಣಸೆಯ ಭಾರವೂ ಅಲ್ಲ. ಹಾಲಿನಿಂದ ಹುಟ್ಟಿದ ದುಂಡು ಹುಳಿ. ಆಮೇಲೆ ಸಾಸಿವೆಯ ಖಾರ ಮೂಗಿಗೇರಿತು. ಬೇರು ಇನ್ನೂ ಕರುಂ ಎನ್ನುತ್ತಿತ್ತು! ನುಂಗಿದ ಮೇಲೆ ನಾಲಿಗೆಯ ತುದಿ ಸಣ್ಣಗೆ ಮರಗಟ್ಟಿದಂತಾಗಿ, ತಣ್ಣಗಿನ ಪರಿಮಳವೊಂದು ಗಂಟಲಲ್ಲಿ ಉಳಿಯಿತು. ಒಂದು ಲೋಟ ನೀರು ಕುಡಿದೆ. ಪರಿಮಳ ಹೋಗಲಿಲ್ಲ.

ಈ ರುಚಿ ನನಗೆ ಹೊಸದಲ್ಲ ಅನ್ನಿಸಿ ಬೆಚ್ಚಿದೆ. ಎಲ್ಲಿ? ಹಿಂದೊಮ್ಮೆ ಬ್ರಸೆಲ್ಸ್‌ನಲ್ಲಿ! ಆ ಸುತ್ತಿನ ಹಳ್ಳಿಗಳಲ್ಲಿ ಲ್ಯಾಂಬಿಕ್ ಎಂಬ ಹುಳಿ ಬಿಯರ್ ಮಾಡುತ್ತಾರೆ. ಬಾರ್ಲಿ, ಗೋಧಿಯ ಕಷಾಯವನ್ನು ರಾತ್ರಿಯಿಡೀ ಅಗಲ ತೊಟ್ಟಿಯಲ್ಲಿ ತೆರೆದಿಟ್ಟರೆ ಗಾಳಿಯಲ್ಲಿರುವ ಕಾಡು ಯೀಸ್ಟ್ ತಾನಾಗಿ ಬಂದು ಸೇರುತ್ತದೆ. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ 1ರಿಂದ 3 ವರ್ಷ. ಮೊದಲ ಗುಟುಕಿಗೆ ಕುದುರೆ ಲಾಯದ ವಾಸನೆ ಹೊಡೆಯುತ್ತದೆ. ಮೂರನೆಯದಕ್ಕೆ ಬಿಡಲು ಮನಸ್ಸಾಗುವುದಿಲ್ಲ. ಮಾಗಳಿಯೂ ಹಾಗೆಯೇ. ತಿಗಣೆ ವಾಸನೆ ಎಂದು ಮುಖ ತಿರುಗಿಸುವವರಿದ್ದಾರೆ. ಒಮ್ಮೆ ಹಿಡಿಸಿದರೆ ಜಾಡಿ ಬರಿದಾಗುವವರೆಗೂ ಮೊಸರನ್ನಕ್ಕೆ ಬೇರೆ ಜೊತೆ ಬೇಡ.

ಹೋಲಿಕೆ ನನ್ನ ಭ್ರಮೆಯಲ್ಲ. ಎರಡರ ಹುಳಿಯಲ್ಲೂ ಲ್ಯಾಕ್ಟಿಕ್ ಆಮ್ಲವಿದೆ. ಪೀಪಾಯಿಗೆ ಬೆಂಕಿಯ ಶಾಖ ಕೊಟ್ಟಾಗ ಓಕ್ ಮರ ಬಿಟ್ಟುಕೊಡುವ ಪರಿಮಳಗಳಲ್ಲಿ ವೆನಿಲಿನ್ ಒಂದು. ಮಾಗಳಿ ಬೇರಿನ ಘಮದ ಮೂಲ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ಹೆಸರು ಉದ್ದವಾಯಿತು, ಆದರೆ ಸೋಜಿಗ ನೋಡಿ: ಈ ಎರಡೂ ಅಣುಗಳಲ್ಲಿ ಇರುವುದು 8 ಇಂಗಾಲ, 8 ಜಲಜನಕ, 3 ಆಮ್ಲಜನಕ. ಅವೇ ಪರಮಾಣುಗಳು, ಕೂತ ಜಾಗ ಮಾತ್ರ ಬೇರೆ! ಯೂರೋಪಿನವರು ಪರಿಮಳಕ್ಕೆ ಪೀಪಾಯಿಯ ಮರವನ್ನು ನಂಬಿದರು. ನಮ್ಮ ಅಜ್ಜಿಯರ ಜಾಡಿಯಲ್ಲಿ ಪರಿಮಳವೇ ಒಳಗಿದೆ.

ಮಾಡುವ ಕೆಲಸ ಮಾತ್ರ ಸುಲಭದ್ದಲ್ಲ. ಬೇರನ್ನು ನೀರಲ್ಲಿ ನೆನೆಹಾಕಿ ಮಣ್ಣು ಬಿಡಿಸಬೇಕು. ಕಂದು ಸಿಪ್ಪೆ ಹೆರೆಯಬೇಕು. ಉದ್ದಕ್ಕೆ ಸೀಳಿದರೆ ನಡುವೆ ಕಟ್ಟಿಗೆಯಂಥ ನಾರು. ಅದನ್ನು ಎಳೆದು ಬಿಸಾಡಿ, ಉಳಿದ ತಿರುಳನ್ನು ಹೆಚ್ಚಿ, ಕಪ್ಪಾಗುವ ಮೊದಲೇ ಮಜ್ಜಿಗೆಗೆ ಬಿಡಬೇಕು. ಆಮೇಲೆ ಉಪ್ಪು, ಅರಿಶಿನ, ಮೆಣಸಿನಪುಡಿ, ಸಾಸಿವೆಪುಡಿ, ಕಟ್ಟು ಮೊಸರು. ಬಟ್ಟೆ ಕಟ್ಟಿ ಇಟ್ಟರೆ ಮುಗಿಯಿತೇ? ದಿನಾ ಕುಲುಕಬೇಕು. “ಮಗು ನೋಡಿಕೊಂಡ ಹಾಗೆ” ಅಂದರು ಅಜ್ಜಿ, ಜಾಡಿಯ ಅಂಚು ಒರೆಸುತ್ತಾ. ಅವರ ಹೆಬ್ಬೆರಳಿನಲ್ಲಿ ಸಿಪ್ಪೆ ಹೆರೆದ ಹಳೆಯ ಗಾಯದ ಗೆರೆಯಿತ್ತು.

ಬೇರಿನ ಊರು ಕಾಡು. ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂಬ ಈ ಬಳ್ಳಿ ದಕ್ಷಿಣ ಭಾರತದ ಒಣ ಗುಡ್ಡಗಳ ಬಂಡೆ ಸಂದುಗಳದ್ದು. ಬೇರೆ ದೇಶದಲ್ಲಿ ಹುಡುಕಿದರೂ ಸಿಗದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಇದನ್ನು ಅಗೆದು ತಂದವರು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದರ ಪರಿಮಳವನ್ನು ಬಿಡಿಸಿ ನೋಡಿದ್ದಾರೆ, ಅಂಗಾಂಶ ಕೃಷಿಯಲ್ಲಿ ಸಸಿಯನ್ನೂ ಎಬ್ಬಿಸಿದ್ದಾರೆ. ಆ ಸಸಿಗಳ ಅಗತ್ಯ ಈಗ ದೊಡ್ಡದು. ಮಾವಿನಕಾಯಿ ಕಿತ್ತರೆ ಮರ ಉಳಿಯುತ್ತದೆ. ಮಾಗಳಿಯನ್ನು ಬುಡಸಮೇತ ಅಗೆದರೆ ಬಳ್ಳಿಯೇ ಇಲ್ಲ. ಉಪ್ಪಿನಕಾಯಿಗೆ, ಶರಬತ್ತಿಗೆ, ಔಷಧಿಗೆ ಎಂದು ಅಗೆದೂ ಅಗೆದೂ ಅದು ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ. ಆ ಮಾತು ತಿಳಿದ ಮೇಲೆ ಎರಡನೆಯ ಹೋಳನ್ನು ನಾನು ಬಹಳ ನಿಧಾನವಾಗಿ ತಿಂದೆ.

ಹೊರಡುವಾಗ ಅಜ್ಜಿ ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದಿಷ್ಟು ಹಾಕಿ ಕೊಟ್ಟರು. ಮೈಸೂರು ತಲುಪುವವರೆಗೂ ಕಾರಿನ ತುಂಬ ಅದೇ ಘಮ.

ಮಾಗಳಿ ಕೊಳ್ಳುವಾಗ ಅಂಗಡಿಯವರನ್ನು ಒಂದು ಮಾತು ಕೇಳಿ: ಇದು ಕಾಡಿನದೋ, ತೋಟದ್ದೋ? ಹಿತ್ತಿಲಲ್ಲಿ ಜಾಗವಿದ್ದರೆ ಒಂದು ಬಳ್ಳಿ ಹಬ್ಬಿಸಿ. ಜಾಡಿ ತುಂಬುವಷ್ಟು ಬೇರಿಗೆ ಕೆಲವು ವರ್ಷ ಕಾಯಬೇಕು, ಕಾಯಿರಿ.